ಹೂವಿಲ್ಲದ ತಿಂಗಳು

ನನಗೆ ಹೂವಿನ ವಿಷಯ ಹೇಳಿಕೊಡಲು ಬಂದವಳ ಬಾಯಿ ಮುಚ್ಚಿಸಿದವಳು ನಾನು. ಹುಚ್ಚಮ್ಮ ಅಂತ ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ಹಾಸನದ ಕಡೆಯಿಂದ ಹೊಳೆ ದಾಟಿ ನಾವು ಆಗಿನ ಕೊಡಗು ರಾಜ್ಯಕ್ಕೆ ಬಂದು ಎರಡು ವರ್ಷವಾಗಿತ್ತು. ಗೌರಿ ಹಬ್ಬದ ಹೊತ್ತಿಗೆ ಕಾಡಂಚಿನ ಬೇಲಿಯ ತುಂಬ ಗೌರಿ ಹೂ, ಬೆಂಕಿ ಹತ್ತಿದ ಹಾಗೆ. ಪೂಜೆಗೆಂದು ಕುಯ್ಯುತ್ತಿದ್ದಾಗ ಪಕ್ಕದ ಹಾಡಿಯ ಮುತ್ತಿ ಬಂದಳು.

"ಹೂ ಬಂದ್ಮೇಲೆ ಯಾರ್ ಬೇಕಾರೂ ಗುರ್ತು ಹಿಡೀತಾರೆ ಅಕ್ಕ. ಮಳೆ ಬಿದ್ದಾಗ ಮೊಳ್ಕೆ ನೋಡು. ಆಮೇಲೆ ಎಲೆ ತುದಿ ಸುರುಳಿ ಸುತ್ತುತ್ತೆ, ಅದ್ನ ನೋಡು. ಬಳ್ಳಿ ಒಣಗ್ದಾಗ ಗೆಡ್ಡೆ ಒಂದೇ ಉಳಿಯೋದು. ಆ ಗೆಡ್ಡೆ ಮಾತ್ರ..."

"ಹೋಗೆ ಹೋಗೆ! ವರ್ಷಾ ವರ್ಷಾ ಗೌರಿಗೆ ಏರ್ಸೋಳು ನಾನು, ನಂಗೇ ಹೂ ಕಲಿಸ್ತೀಯಾ?"

ಮುತ್ತಿ ಮಾತನ್ನು ಅರ್ಧಕ್ಕೇ ನುಂಗಿಕೊಂಡು ಹೋದಳು.

ಶಿವರಾತ್ರಿಯ ಹೊತ್ತಿಗೆ ಬೇಲಿಯಲ್ಲಿ ಹೂವೂ ಇಲ್ಲ, ಬಳ್ಳಿಯೂ ಇಲ್ಲ. ಒಂದು ಸೋಮವಾರ ನನ್ನ ಮಗಳು ಜವರಿ, ಎಂಟು ವರ್ಷದವಳು, ಅಲ್ಲೇ ಅಗೆದು ಮಡಿಲಲ್ಲಿ ಗೆಡ್ಡೆ ತಂದಳು. "ಅವ್ವ, ಕಾಡ್ಗೆಣ್ಸು!" ಅಂದಳು. ನನಗೂ ಹಾಗೇ ಕಂಡಿತು. ಬೇಯಿಸಿ ಕೊಟ್ಟೆ. ನನಗೆ ಸೋಮವಾರದ ಒಪ್ಪತ್ತು. ಗಂಡ ಪುಟ್ಟಸ್ವಾಮಿ ಮಡಿಕೇರಿಗೆ ಹೋಗಿದ್ದ. ತಿಂದವಳು ಅವಳೊಬ್ಬಳೇ.

ಸಂಜೆಗೆ ವಾಂತಿ ಹಿಡಿಯಿತು. ಓಡಿ ಬಂದ ಮುತ್ತಿ, ಒಲೆಯ ಪಕ್ಕ ಉಳಿದಿದ್ದ ಕವಲುಗೆಡ್ಡೆಯನ್ನು ಎತ್ತಿ ನೋಡಿ ತಲೆ ಮೇಲೆ ಕೈ ಹೊತ್ತಳು.

"ಇದು ನಿನ್ ಗೌರಿ ಹೂವಿನ್ ಗೆಡ್ಡೆ ಕಣಕ್ಕ. ವಿಷ!"

ಗಾಡಿ ಕಟ್ಟಿಸಿ ಆಸ್ಪತ್ರೆ ಮುಟ್ಟಿಸಿದೆವು. ಮೂರನೇ ದಿನ ನನ್ನ ಕೂಸು ಹೋಯಿತು. ಅಯ್ಯೋ, ಎಷ್ಟು ಅತ್ತರೂ ಎದೆಯ ಉರಿ ಆರಲಿಲ್ಲ.

ಈಗ ಮುಂಗಾರು ಬಿದ್ದರೆ ಮುತ್ತಿಯ ಹಿಂದೆ ಬೇಲಿ ಸುತ್ತುತ್ತೇನೆ. ಮೊಳಕೆ ಬೆರಳುದ್ದ ಇರುವಾಗಲೇ, ಎಲೆ ಸುರುಳಿ ಸುತ್ತುವ ಮೊದಲೇ ಗುರುತು ಹಿಡಿದು ಪಕ್ಕದಲ್ಲಿ ಕಡ್ಡಿ ನೆಡುತ್ತೇನೆ. ಕೇರಿಯ ಮಕ್ಕಳನ್ನು ಕರೆದು ತೋರಿಸುತ್ತೇನೆ. "ಪಾಪ, ಅವ್ಳಿಗೇನ್ ಗೊತ್ತಿತ್ತು" ಅನ್ನುತ್ತಾರೆ ಜನ. ಗಂಡನೂ ಹಾಗೇ ಅನ್ನುತ್ತಾನೆ. ಅವನಿಗೆ ನಾನು ಒಂದು ವಿಷಯ ಹೇಳಿಲ್ಲ.

ಮೊದಲ ತುತ್ತಿಗೇ ಜವರಿ ಮುಖ ಕಿವುಚಿ, "ಕಹಿ ಕಣವ್ವ, ಬ್ಯಾಡ" ಅಂದಿದ್ದಳು. "ತಿನ್ನೋದ್ನ ಬಿಸಾಡ್ತೀಯೇನೇ, ಸೊಕ್ಕು ನಿಂಗೆ" ಅಂತ ಗದರಿ, ಬೆಲ್ಲ ಮುರಿದು ಅವಳ ಕೈಗಿಟ್ಟು, ಪೂರ್ತಿ ತಿನ್ನಿಸಿದವಳು ನಾನೇ.