ಸಲೋಮವ್ವನ ಹಾಡು, ಮಾಸ್ತರರ ಪೀಠಿಕೆ

ಸ್ವಲ್ಪ ಕೂತು ಕೇಳಿಬಿಡಿ, ಅರ್ಧಕ್ಕೇ ಎದ್ದು ಹೋಗಬೇಡಿ. ಇದನ್ನು ಹೇಳಿಕೊಳ್ಳದೆ ನನ್ನ ಹೊಟ್ಟೆಯೊಳಗಿನ ಹೇಸಿಗೆ ಇಳಿಯುವುದಿಲ್ಲ.

ನಾನು ಒಂದು ಟೇಪ್ ರೆಕಾರ್ಡರ್. ಎಲ್ಲೋ ಕಾರ್ಖಾನೆಯಲ್ಲಿ ಹುಟ್ಟಿ, ಗದಗದ ಅಂಗಡಿಯೊಂದರಲ್ಲಿ ಎರಡು ವರ್ಷ ಧೂಳು ತಿಂದು, ಕೊನೆಗೆ ಬೆಟಗೇರಿಯ ಸಲೋಮವ್ವನ ಮನೆ ಸೇರಿದೆ. ಆಕೆ ಹೆರಿಗೆ ವಾರ್ಡಿನ ಆಯಾ. ನಿವೃತ್ತಿಯ ದಿನ ನರ್ಸುಗಳೆಲ್ಲ ಸೇರಿ ನನ್ನನ್ನು ಆಕೆಯ ಕೈಗಿಟ್ಟರು.

ಆ ದನಿ! ಅಯ್ಯೋ, ಹೇಗೆ ಹೇಳಲಿ? ಈರುಳ್ಳಿ ಹೆಚ್ಚುತ್ತಾ ಒಂದು ಕೀರ್ತನೆ ಎತ್ತಿದರೆ ಸಾಲಿನ ಕೊನೆಯ ಅಕ್ಷರವನ್ನು ಬಿಡುತ್ತಲೇ ಇರಲಿಲ್ಲ. ಎಳೆದು, ನಡುಗಿಸಿ, ಎದೆಯ ತಳಕ್ಕೆ ಇಳಿಸುತ್ತಿದ್ದಳು. ಹೆರಿಗೆ ನೋವು ತಿನ್ನುವ ಹೆಂಗಸರನ್ನು ಮೂವತ್ತು ವರ್ಷ ಸಮಾಧಾನಪಡಿಸಿದ ದನಿ ಅದು. ಆದರೆ ಚರ್ಚಿನ ಹಾಡುಗಾರರ ತಂಡದಲ್ಲಿ, ಅದೇ ಕಾಯರ್‌ನಲ್ಲಿ, ಆಕೆಗೆ ಹಿಂದಿನ ಸಾಲು.

"ತಾಳಕ್ಕ ಹಾಡಾಕ ಬರಂಗಿಲ್ಲಂದ್ರ ಬರೇ ಬಾಯಿ ಆಡಸು ಸಲೋಮವ್ವಾ, ದನಿ ತಗೀಬ್ಯಾಡ" ಎಂದಿದ್ದರಂತೆ ಕಾಯರ್ ನಡೆಸುವ ಜೀವರತ್ನ ಮಾಸ್ತರು. ಅವರ ಮೂಗುದನಿಯನ್ನು ಅಣಕಿಸಿ ಆಕೆ ನಗುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ.

ಒಂದು ಭಾನುವಾರ ಬಾಗಿಲು ಹಾಕಿಕೊಂಡು ನನ್ನೆದುರು ಏಳು ಹಾಡು ಹಾಡಿದಳು. ಆಮೇಲೆ ಕ್ಯಾಸೆಟ್ಟಿನ ಬೆನ್ನಿನ ಪುಟ್ಟ ಚಕ್ಕೆಯನ್ನು ಹೇರ್‌ಪಿನ್ನಿನಿಂದ ಮುರಿದಳು. ಅದು ಮುರಿದರೆ ಮತ್ತೇನೂ ರೆಕಾರ್ಡ್ ಆಗುವುದಿಲ್ಲ. "ಇನ್ನ ಯಾರೂ ಅಳಸಂಗಿಲ್ಲ" ಎಂದು ಟ್ರಂಕಿಗೆ ಹಾಕಿದಳು.

ಆಕೆ ತೀರಿಕೊಂಡ ಮೇಲೆ ಸೀರೆ ಹಂಚಲು ಟ್ರಂಕು ತೆಗೆದ ಅಕ್ಕನ ಮಗಳು ಎಸ್ತರ್‌ಗೆ ಅದು ಸಿಕ್ಕಿತು. ನನ್ನೊಳಗೆ ಹಾಕಿ ಗುಂಡಿ ಒತ್ತಿದಳು. ಮೊದಲ ಹಾಡು ಮುಗಿಯುವಷ್ಟರಲ್ಲಿ ಸೀರೆಗಳ ನಡುವೆ ನೆಲಕ್ಕೇ ಕೂತುಬಿಟ್ಟಿದ್ದಳು.

"ಚಿಗವ್ವಾ, ಇಷ್ಟ ದಿನಾ ಎಲ್ಲಿ ಮುಚ್ಚಿಟ್ಟಿದ್ದಿ ಇದನ್ನ?"

ಸ್ಮರಣೆಯ ಕೂಟಕ್ಕೆ ನನ್ನನ್ನು ಎತ್ತಿಕೊಂಡು ಹೋಗಿ ಏಳೂ ಹಾಡು ಕೇಳಿಸಿದಳು. ಇಡೀ ಹಾಲ್ ಮೂಗು ಒರೆಸಿಕೊಂಡಿತು. ಬದುಕಿದ್ದಾಗ ಆಕೆ ದನಿ ಎತ್ತಿದರೆ ತಿರುಗಿ ನೋಡಿ ಕೆಮ್ಮಿದವರೇ ಎಲ್ಲ! ಥೂ!

ಎಸ್ತರ್ ಚಹಾ ತರಲು ಒಳಗೆ ಹೋದಳು. ಮಾಸ್ತರು ಎದ್ದರು.

"ಇಂಥಾ ಹಾಡಿಗೆ ಪೀಠಿಕೆ ಬ್ಯಾಡನು? ಮೊದಲಿಗೆ ನನ್ನ ಎರಡ ಮಾತ ಇರಲಿ."

"ಸರ, ಚಕ್ಕಿ ಮುರದೈತ್ರಿ, ರೆಕಾರ್ಡ್ ಆಗಂಗಿಲ್ಲ" ಎಂದ ಕಾಯರ್‌ನವನೊಬ್ಬ.

"ಆ ತೂತಿಗೆ ಏನರ ಅಂಟಸೋ!"

ಗೋಡೆಯ ಮೇಲಿದ್ದ ಸಲೋಮವ್ವನ ಫೋಟೋದ ಮೂಲೆಯಿಂದಲೇ ಗಮ್ ಟೇಪ್ ಕಿತ್ತು ಆತ ಅಂಟಿಸಿದ; ತೂತು ಮುಚ್ಚಿದರೆ ಮತ್ತೆ ರೆಕಾರ್ಡ್ ಆಗುತ್ತದೆ. ಫೋಟೋ ಓರೆಯಾಗಿ ನೇತಾಡಿತು. ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ ಮೊದಲ ಹಾಡಿಗೆ ತಂದು ರೆಕಾರ್ಡ್ ಗುಂಡಿ ಒತ್ತಿದರು. ಹಿರಿಯರು ಬಂದಾಗ ಬೆಂಚಿನಲ್ಲಿ ಜನ ಸರಿದು ಕೂರುವಂತೆ ಹಾಡುಗಳೂ ಸರಿದು ಜಾಗ ಬಿಡುತ್ತವೆ ಎಂದುಕೊಂಡಿದ್ದರು ಆ ಮಹಾನುಭಾವರು!

ನಾನು ಹಾಗಲ್ಲ. ಹೊಸದನ್ನು ಬರೆಯುವ ಮೊದಲು ಹಳೆಯದನ್ನು ಒರೆಸಿಬಿಡುತ್ತೇನೆ.

"ಈಕಿ ಪ್ರತಿಭೇನ ಮೊದಲ ಗುರುತಿಸಿದಾಂವ ನಾನ..."

ಅಷ್ಟು ಹೇಳಿ ಗಂಟಲು ಸರಿಮಾಡಿಕೊಂಡರು. ತಮ್ಮ ಸೇವೆಯ ಪಟ್ಟಿ ಶುರು ಮಾಡುವಷ್ಟರಲ್ಲಿ ಒಂದು ಹಾಡು ಹೋಯಿತು. ಪಟ್ಟಿ ಮುಗಿಯುವಷ್ಟರಲ್ಲಿ ಎರಡನೆಯದೂ ಹೋಯಿತು. ಆ ದನಿಯ ಮೇಲೆ ಈ ಮೂಗುದನಿಯನ್ನು ನಾನೇ ಬಳಿಯುತ್ತಿದ್ದೆ! ಮುಂದಿನದು ಬಾಣಂತಿಯರಿಗಾಗಿ ಆಕೆಯೇ ಕಟ್ಟಿದ ಹಾಡು, ಏಳರಲ್ಲಿ ಅದರಂಥದು ಇನ್ನೊಂದಿಲ್ಲ. ಮಾಸ್ತರರ ಕೈಯಲ್ಲಿ ಇನ್ನೂ ನಾಲ್ಕು ಹಾಳೆ ಇದ್ದವು.

ರೀಲನ್ನು ರೋಲರಿಗೆ ಸುತ್ತಿಕೊಂಡು ಕರಕರ ಜಗಿದು ನಿಂತುಬಿಟ್ಟೆ.

ಎಸ್ತರ್ ಚಹಾದ ತಟ್ಟೆ ಬಿಟ್ಟು ಓಡಿ ಬಂದಳು. ಮೂರನೆಯ ಹಾಡಿದ್ದ ಸುಕ್ಕಾದ ರೀಲನ್ನು ಕತ್ತರಿಸಿ ಎಸೆದು, ಕೊನೆಯ ನಾಲ್ಕು ಹಾಡು ಉಳಿಸಿಕೊಂಡಳು. ಮಾಸ್ತರರ ಜೊತೆ ಮಾತು ಬಿಟ್ಟಳು. ನನ್ನನ್ನು ಅಟ್ಟಕ್ಕೆ ಹಾಕುವಾಗ ಅಂದಳು: "ಎರಡು ಅಂವ ನುಂಗಿದ, ಎಲ್ಲಾಕ್ಕಿಂತ ಛಲೋದನ್ನ ನೀ ನುಂಗಿದಿ."

ಸುಳ್ಳಲ್ಲ. ನಾನೇ ನುಂಗಿದೆ. ಹೇಳಿ, ನನ್ನ ಜಾಗದಲ್ಲಿ ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ?