ಇಕ್ಕಳನ ಎಡಗೈ

ಅವನಿಗೆ ಇಕ್ಕಳ ಎಂಬ ಹೆಸರು ಬಿದ್ದದ್ದು ಸುಮ್ಮನೆ ಅಲ್ಲ. ಎತ್ತರದ ಕಟ್ಟಡಗಳಿಗೆ ಹೊರಗಿನಿಂದ ಬಣ್ಣ ಹೊಡೆಯುವವರ ಗುಂಪಿನಲ್ಲಿ ಅವನದು ಹಗ್ಗ ಹಿಡಿಯುವ ಕೆಲಸ. ಬಣ್ಣ ಹೊಡೆಯುವವನು ಹಲಗೆಯ ಮೇಲೆ ಕೂತು ಗೋಡೆಯ ಹೊರಗೆ ಇಳಿಬಿದ್ದಿರುತ್ತಾನೆ. ತಾರಸಿಯ ಮೇಲೆ ಕಬ್ಬಿಣದ ಕಂಬಕ್ಕೆ ಎರಡು ಸುತ್ತು ಹಾಕಿದ ಹಗ್ಗದ ತುದಿ ಇಕ್ಕಳನ ಕೈಯಲ್ಲಿರುತ್ತದೆ. ಬಲಗೈ ಹಗ್ಗಕ್ಕೆ ದಾರಿ ತೋರಿಸುತ್ತದೆ, ಎಡಗೈ ಹಿಡಿಯುತ್ತದೆ. ಕೆಳಗಿನಿಂದ "ಬಿಡು" ಎಂದರೆ ಗೇಣು ಗೇಣಾಗಿ ಬಿಡಬೇಕು, "ಸಾಕು" ಎಂದರೆ ನಿಲ್ಲಿಸಬೇಕು. ಏನೂ ಕೇಳಿಸದಿದ್ದರೆ? ಈ ಕೆಲಸದ ಮೊದಲ ಪಾಠವೇ ಅದು. ಕೂಗು ಅರ್ಧಕ್ಕೆ ನಿಂತರೆ, ಮಾತು ಗಾಳಿಗೆ ಹಾರಿಹೋದರೆ, ಯೋಚನೆ ಮಾಡುತ್ತ ಕೂರಬಾರದು, ಮೊದಲು ಮುಷ್ಟಿ ಬಿಗಿ ಮಾಡಬೇಕು. ಯೋಚನೆಗೆ ಆಮೇಲೆ ಬೇಕಾದಷ್ಟು ಹೊತ್ತಿರುತ್ತದೆ.

ಇಕ್ಕಳನಿಗೆ ಈ ಪಾಠ ತಲೆಯಿಂದ ಕೈಗೆ ಇಳಿದು ಎಷ್ಟೋ ಕಾಲವಾಗಿತ್ತು. ಹಿಂದಿನಿಂದ ಯಾರಾದರೂ ಕರೆದರೆ ಸಾಕು, ಕತ್ತು ತಿರುಗುವ ಮೊದಲೇ ಎಡಗೈ ಮುಚ್ಚಿಕೊಳ್ಳುತ್ತಿತ್ತು. ಆಗ ಕೈಯಲ್ಲಿ ಕಾಗದದ ಲೋಟ ಇದ್ದರಂತೂ ಮುಗಿಯಿತು, ಅರ್ಧ ಟೀ ಅಂಗಿಯ ಪಾಲು. ಬೇಕೆಂದೇ ಹೀಗೆ ಕರೆದು ಮಜಾ ನೋಡುವವರಿದ್ದರು. ಅವನೂ ನಕ್ಕು ಅಂಗಿ ಕೊಡವಿಕೊಳ್ಳುತ್ತಿದ್ದ. ಆ ಕೈಯಿಂದ ಇವತ್ತಿನವರೆಗೆ ಒಬ್ಬನೂ ಬಿದ್ದಿರಲಿಲ್ಲ, ಒಳಗೊಳಗೇ ಅವನಿಗೆ ಅದರ ಹೆಮ್ಮೆ ಇತ್ತು.

ಹಲಗೆಯ ಮೇಲೆ ಕೂರುತ್ತಿದ್ದವನು ಅವನ ಭಾವಮೈದ, ತೀರಿಹೋದ ಹೆಂಡತಿಯ ತಮ್ಮ. ಹೆಂಡತಿ ಹೋದಾಗ ಮಗಳು ಇನ್ನೂ ಜಡೆ ಹಾಕಿಕೊಳ್ಳಲು ಬಾರದ ಹುಡುಗಿ. ಭಾವ, ಭಾವಮೈದ ಇಬ್ಬರೂ ಸೇರಿ ಅವಳನ್ನು ಬೆಳೆಸಿದರು. ಜಡೆ ಹಾಕುವುದು ಸೋದರಮಾವನ ಪಾಲಿಗೆ ಬಂತು, ಏಕೆಂದರೆ ಅಪ್ಪ ಹಾಕಿದರೆ ಹುಡುಗಿ ಕಣ್ಣಲ್ಲಿ ನೀರು ತುಂಬಿಕೊಂಡು, "ಅಪ್ಪಾ, ಅದು ಹಗ್ಗ ಅಲ್ಲ, ನನ್ನ ಕೂದಲು" ಎನ್ನುತ್ತಿದ್ದಳು.

ಅಂಥ ಮಗಳನ್ನು ದೂರದ ಊರಿಗೆ ಕೊಟ್ಟ. ರೈಲಿನಲ್ಲಿ ಒಂದು ಹಗಲು, ಒಂದು ರಾತ್ರಿಯ ದಾರಿ. ಹೋದ ವರ್ಷ ಅವಳು ಹೇಳದೆ ಕೇಳದೆ ಒಂದು ಬ್ಯಾಗು ಹಿಡಿದು ಬಂದು ಬಾಗಿಲಲ್ಲಿ ನಿಂತಳು. ಕಿವಿಯ ಹಿಂದೆ ನೀಲಿಗಟ್ಟಿತ್ತು. ಇಕ್ಕಳ ನೋಡಿದ, ನೋಡಿಯೂ ನೋಡದವನಂತೆ ಇದ್ದ. "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಕಣಮ್ಮಾ, ಹೊಂದಿಕೊಂಡು ಹೋಗ್ಬೇಕು" ಎಂದ. ಗಾದೆ ಕಟ್ಟಿದವರಿಗೇನು, ಕಟ್ಟಿ ಹೋದರು. ಆ ಮನೆಯಲ್ಲಿ ಉಣ್ಣಬೇಕಾದವಳು, ಮಲಗಬೇಕಾದವಳು ಅವಳು. ಮಾರನೆಯ ದಿನ ತಾನೇ ಹೋಗಿ ರೈಲು ಹತ್ತಿಸಿದ. ಮಗಳು ಎದುರಾಡಲಿಲ್ಲ. ಅಳಲೂ ಇಲ್ಲ. ಅವಳು ಅತ್ತಿದ್ದರೆ ತಾನು ಕಳಿಸುತ್ತಿರಲಿಲ್ಲವೇನೋ ಎಂದು ಅವನಿಗೆ ಆಮೇಲೆ ಅನ್ನಿಸಿತು. ಅನ್ನಿಸಿ ಏನು ಪ್ರಯೋಜನ?

ಅಲ್ಲಿಂದ ಮುಂದೆ ಅಳಿಯ ಮನೆ ಬದಲಾಯಿಸಿದ. ಎಲ್ಲಿಗೆ ಎಂದರೆ, "ಇಲ್ಲೇ ಮಾವ, ಹತ್ರಾನೇ" ಎನ್ನುತ್ತಿದ್ದ. ಮಗಳ ಫೋನಿಗೆ ಕರೆ ಮಾಡಿದರೂ ಎತ್ತುವವನು ಅವನೇ. "ಸ್ನಾನಕ್ಕೆ ಹೋಗಿದ್ದಾಳೆ ಮಾವ." ಬೆಳಿಗ್ಗೆ ಮಾಡಿದರೂ ಸ್ನಾನ, ಮಧ್ಯಾಹ್ನ ಮಾಡಿದರೂ ಸ್ನಾನ. ಇಷ್ಟು ಸ್ನಾನ ಮಾಡುವ ಹೆಂಗಸು ಲೋಕದಲ್ಲಿ ಇನ್ನೊಬ್ಬಳಿರಲಾರಳು. ಇಕ್ಕಳನಿಗೆ ಈಗ ಎಲ್ಲ ಅರ್ಥವಾಗುತ್ತಿತ್ತು. ಮಗಳನ್ನು ಕರೆದುಕೊಂಡು ಬರೋಣವೆಂದರೆ ಅವಳು ಯಾವ ಬೀದಿಯಲ್ಲಿದ್ದಾಳೆ ಎಂಬುದೇ ಗೊತ್ತಿಲ್ಲ. ಅಷ್ಟು ದೊಡ್ಡ ಊರಿನಲ್ಲಿ ಯಾವ ಬಾಗಿಲು ತಟ್ಟುವುದು? ಒಮ್ಮೆ ಹೋಗಿ ಹಳೆಯ ಮನೆಯ ಸುತ್ತಮುತ್ತ ವಿಚಾರಿಸಿ, ಬಂದ ದಾರಿಗೆ ಸುಂಕವಿಲ್ಲ ಎಂದು ಹಿಂದಿರುಗಿದ್ದ.

ಹೀಗಿರುವಾಗ ಒಂದು ದಿನ ಟೀ ಹೊತ್ತಿನಲ್ಲಿ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು.

"ಅಪ್ಪಾ, ನಾನು. ಬೇರೆಯವರ ಫೋನಿಂದ ಮಾಡ್ತಿದೀನಿ. ಅಪ್ಪಾ, ನಾನು ಅಲ್ಲಿಗೆ..."

ಅಷ್ಟೇ. ಮುಂದೆ ಗೊರಗೊರ ಸದ್ದು, ಆಮೇಲೆ ಅದೂ ಇಲ್ಲ. ಇಕ್ಕಳ ಫೋನನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದು ಕಿವಿಗೆ ಒತ್ತಿಕೊಂಡ. "ಹಲೋ, ಹಲೋ" ಎಂದು ಕೂಗಿದ. ಆಚೆ ಯಾರೂ ಇಲ್ಲ. ತಿರುಗಿ ಅದೇ ನಂಬರಿಗೆ ಮಾಡಿದಾಗ ಯಾರೋ ಗಂಡಸು ಮಾತಾಡಿದ. "ಬಸ್ಸಲ್ಲಿ ಯಾರೋ ಫೋನ್ ಕೇಳಿದ್ರು, ಕೊಟ್ಟೆ. ಆಗ್ಲೇ ಇಳಿದು ಹೋದ್ರಲ್ಲ."

ಕೆಲವು ವಾರಗಳ ಮೇಲೆ ಇನ್ನೊಂದು ನಂಬರು. ಈ ಸಲ ಇಕ್ಕಳ ಬೀದಿಯ ಮಧ್ಯದಲ್ಲಿದ್ದ. ಮಗಳು ಯಾರಿಗೋ ಹೆದರಿದವಳಂತೆ ಬೇಗ ಬೇಗ ಮಾತಾಡಿದಳು. "ಅಪ್ಪಾ, ಅವತ್ತು ಯಾಕೆ ಕಟ್ ಮಾಡ್ದೆ? ಬೈಬೇಡ. ನಾನು ಬರ್ಲಾ? ಒಂದು ಸಲ ಹೇಳು, ಬರ್ಲಾ?"

"ಬಾ! ಬಾರಮ್ಮಾ! ಈಗ್ಲೇ ಹೊರಟು ಬಾ!" ಎಂದು ಅವನು ಕೂಗಿದ ಕೂಗಿಗೆ ಬೀದಿಯವರೆಲ್ಲ ತಿರುಗಿ ನೋಡಿದರು. ಕೇಳಬೇಕಾದವಳಿಗೆ ಮಾತ್ರ ಕೇಳಿಸಲಿಲ್ಲ. ಕಿವಿಯಿಂದ ತೆಗೆದು ನೋಡಿದರೆ ಕರೆ ಕಟ್ಟಾಗಿತ್ತು. ಆ ನಂಬರಿಗೆ ಎಷ್ಟು ಸಲ ಮಾಡಿದರೂ ಯಾರೂ ಎತ್ತಲಿಲ್ಲ.

ಬಾಗಿಲಿಗೆ ಬಂದವಳನ್ನು ಒಮ್ಮೆ ಹಿಂದಕ್ಕೆ ಕಳಿಸಿದ ಅಪ್ಪ. ಈಗ "ಬರ್ಲಾ" ಎಂದು ಕೇಳಿದಾಗಲೆಲ್ಲ ಫೋನು ಕಟ್ಟಾದರೆ ಅವಳು ಏನೆಂದುಕೊಳ್ಳಬೇಕು?

"ಭಾವ, ಇದು ಫೋನಿಂದೇ ತೊಂದ್ರೆ. ನಡಿ, ತೋರ್ಸೋಣ" ಎಂದ ಭಾವಮೈದ. ಅವನಿಗೂ ಒಳಗೆ ಕಸಿವಿಸಿ ಇತ್ತು, ಏಕೆಂದರೆ ಸುತ್ತ ಲೋಹದ ಅಂಚಿದ್ದ ಆ ಹೊಳೆಯುವ ಫೋನನ್ನು ಭಾವನಿಗೆ ಕೊಡಿಸಿದವನು ಅವನೇ.

ಫೋನು ರಿಪೇರಿಯ ಅಂಗಡಿಯಲ್ಲಿದ್ದವಳು ಬಾಯಿ ಜೋರಿನ ಹೆಂಗಸು. ಫೋನನ್ನು ಗಾಜಿನ ಮೇಜಿನ ಮೇಲಿಟ್ಟು ನೋಡಿದಳು. ಸಿಗ್ನಲಿನ ಕಡ್ಡಿಗಳು ಪೂರ್ತಿ ಇದ್ದವು.

"ಇದಕ್ಕೇನೂ ಆಗಿಲ್ವಲ್ಲ. ನೀವು ಮಾತಾಡುವಾಗ ಹೇಗೆ ಹಿಡ್ಕೋತೀರ ತೋರ್ಸಿ."

ಇಕ್ಕಳ ಎಡಗೈಯಲ್ಲಿ ಎತ್ತಿಕೊಂಡ. ಅವಳು ಅವನ ಮುಷ್ಟಿಯ ಮೇಲೆ ಬಗ್ಗಿ ನೋಡಿದಳು. ಕಡ್ಡಿಗಳು ಒಂದೊಂದಾಗಿ ಇಳಿದವು.

"ಬಿಡಿ." ಏರಿದವು. "ಹಿಡೀರಿ." ಮತ್ತೆ ಇಳಿದವು. ಅವಳಿಗೆ ನಗು ತಡೆಯಲಾಗಲಿಲ್ಲ. "ಯಜಮಾನ್ರೇ, ಇದು ಫೋನು, ಕಳ್ಳನ ಕತ್ತಲ್ಲ! ಇದರ ಆಂಟೆನಾ ಇಲ್ಲಿ, ಕೆಳಗೆ ಎಡಮೂಲೆ ಅಂಚಲ್ಲೇ ಇದೆ. ನಿಮ್ಮ ಅಂಗೈ ಸರಿಯಾಗಿ ಅದನ್ನೇ ಮುಚ್ಚುತ್ತೆ. ಸಿಗ್ನಲ್ ಚೆನ್ನಾಗಿರೋ ಕಡೆ ಹೇಗೋ ನಡೆಯುತ್ತೆ. ಕಮ್ಮಿ ಇರೋ ಕಡೆ ಪೂರ್ತಿ ಹೋಗ್ಬಿಡುತ್ತೆ."

"ಅಂದ್ರೆ, ನಾನೇ ಕಟ್ ಮಾಡ್ದೆ ಅಂತಾನಾ?" ಎಂದು ಕೇಳಿದ ಇಕ್ಕಳ.

"ನೀವು ಮಾಡ್ಲಿಲ್ಲ. ನಿಮ್ಮ ಕೈ ಮಾಡ್ತು."

ಅವಳು ತಮಾಷೆಗೆ ಹೇಳಿದಳು. ಇಕ್ಕಳ ಅಲ್ಲೇ ಸ್ಟೂಲಿನ ಮೇಲೆ ಕುಸಿದು ಕೂತ. ಕಣ್ಣಲ್ಲಿ ನೀರು ಬಂತು. ಮಾತು ನಿಂತಿತಲ್ಲ ಎಂದು ಗಾಬರಿಯಾಗಿ ಹಿಡಿತ ಬಿಗಿ ಮಾಡಿದ್ದು, ಬಿಗಿ ಮಾಡಿದ್ದಕ್ಕೇ ಮಾತು ನಿಂತದ್ದು ಎಲ್ಲ ಅವನಿಗೆ ಈಗ ಕಂಡಿತು. ಅಂಗಡಿಯವಳು ಪೆಚ್ಚಾಗಿ ಭಾವಮೈದನ ಮುಖ ನೋಡಿದಳು. ಹಳೆಯ ಗುಂಡಿ ಫೋನು ಆಗುತ್ತದೆಯೇ ಎಂದು ಅವನು ಕೇಳಿದ. ಅದರ ಆಂಟೆನಾನೂ ಒಳಗೇ ಇರುತ್ತದೆ, ಈ ಮುಷ್ಟಿಯಲ್ಲಿ ಅದಕ್ಕೂ ಇದೇ ಗತಿ ಎಂದಳು. ಕೊನೆಗೆ ಒಂದು ದಪ್ಪ ರಬ್ಬರಿನ ಕವರು ಹಾಕಿಕೊಟ್ಟಳು. "ಇದರಿಂದ ಸ್ವಲ್ಪ ಅನುಕೂಲ ಆಗಬಹುದು. ಆದ್ರೆ ಮುಖ್ಯ, ಹಗೂರಾಗಿ ಹಿಡೀರಿ. ಇಲ್ಲಾಂದ್ರೆ ಮುಟ್ಟಲೇಬೇಡಿ."

ಅಂದಿನಿಂದ ಮನೆಯಲ್ಲಿ ಅಭ್ಯಾಸ ಶುರುವಾಯಿತು. ಭಾವಮೈದ ಅಡುಗೆಮನೆಯಲ್ಲಿ ನಿಂತು ಫೋನು ಮಾಡುತ್ತಿದ್ದ. ಇಕ್ಕಳ ನಡುಮನೆಯಲ್ಲಿ ಬಿಸಿ ಪಾತ್ರೆ ಹಿಡಿದ ಹಾಗೆ ಬೆರಳ ತುದಿಯಲ್ಲಿ ಫೋನು ಹಿಡಿದು ನಿಲ್ಲುತ್ತಿದ್ದ. ಮೌನವಾಗಿರುವ ತನಕ ಎಲ್ಲ ಸರಿ. "ಭಾವ" ಎಂದು ದನಿ ಬಂತೋ, ಬೆರಳುಗಳು ಒಟ್ಟಿಗೆ ಮುಚ್ಚಿಕೊಳ್ಳುತ್ತಿದ್ದವು. ಕಿವಿಗೆ ಸಿಕ್ಕಿಸುವ ವೈರು ತಂದರು. ಮೊದಲ ದಿನವೇ ಆ ಕೈ ವೈರನ್ನು ಹಿಡಿದೆಳೆದು ಬುಡದಿಂದ ಕಿತ್ತಿತು. "ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರೆ. ನಿಂದು ಹುಟ್ಟುಗುಣಾನೂ ಅಲ್ಲ, ಕಟ್ಟಿಕೊಂಡಿದ್ದು. ಆದ್ರೂ ಹೋಗ್ತಿಲ್ವಲ್ಲ ಭಾವ" ಎಂದು ಭಾವಮೈದ ತಲೆ ಚಚ್ಚಿಕೊಂಡ.

ಕೊನೆಗೆ ಒಂದು ಏರ್ಪಾಡಾಯಿತು. ಫೋನು ಎಲ್ಲಾದರೂ ಗಟ್ಟಿ ಜಾಗದ ಮೇಲಿರಬೇಕು. ಕರೆ ಬಂದಾಗ ಭಾವಮೈದ ಗುಂಡಿ ಒತ್ತಿ ದನಿ ಹೊರಗೆ ಕೇಳಿಸುವ ಹಾಗೆ ಮಾಡಬೇಕು. ಇಕ್ಕಳ ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಲ್ಲಬೇಕು. ಬೇರೆ ಮಾತೇ ಬೇಡ, "ಬಾ" ಎಂದು ಮೊದಲು ಹೇಳಿಬಿಡಬೇಕು. ಹೀಗೆ ಮಾಡಿ ನೋಡಿದರು. ಚೆನ್ನಾಗಿ ನಡೆಯಿತು. ಕೆಲಸದ ಜಾಗದಲ್ಲೂ ಊಟದ ಹೊತ್ತಿಗೆ ಹಲಗೆ ಮೇಲೆಳೆದು, ಹಗ್ಗ ಕಟ್ಟಿ, ಸಿಗ್ನಲಿನ ಕಡ್ಡಿ ಒಂದೆರಡಾದರೂ ತೋರುವ ಕಡೆ ಫೋನನ್ನು ತಾರಸಿಯ ಮೋಟುಗೋಡೆಯ ಮೇಲಿಟ್ಟು ಇಬ್ಬರೂ ಅದರ ಎದುರು ಕೂರುತ್ತಿದ್ದರು. ಇಟ್ಟಿಗೆ, ಬಣ್ಣದ ಡಬ್ಬ, ಅವುಗಳ ಮಧ್ಯೆ ಆ ಫೋನು. ನೋಡಿದವರು ನಗುತ್ತಿದ್ದರು. ನಗಲಿ.

ಫೋನು ಬಂದದ್ದು ಅಂಥದೇ ಒಂದು ಮಧ್ಯಾಹ್ನ. ಭಾವಮೈದ ತುತ್ತು ಬಿಟ್ಟು ಎದ್ದ. "ನೀನು ಮುಟ್ಬೇಡ" ಎಂದು ತಾನೇ ಗುಂಡಿ ಒತ್ತಿದ. ಇಕ್ಕಳ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ.

"ಅಪ್ಪಾ" ಎಂದಿತು ಗೋಡೆಯ ಮೇಲಿನ ಫೋನು. ಪಕ್ಕದಲ್ಲೇ ನಿಂತು ಕರೆದಷ್ಟು ಸ್ಪಷ್ಟವಾಗಿತ್ತು.

ಮೊದಲು "ಬಾ" ಎನ್ನಬೇಕೆಂದು ಎಷ್ಟು ಸಲ ಹೇಳಿಕೊಂಡಿದ್ದನೋ. ಬಾಯಿಂದ ಬಂದದ್ದು, ಎಲ್ಲರ ಬಾಯಿಂದ ಬರುವಂತೆ, "ಹೇಳಮ್ಮಾ" ಎಂಬ ಮಾತು.

"ಅಪ್ಪಾ, ಈ ಸಲ ಕಟ್ ಮಾಡ್ಬೇಡ. ನಿನ್ನ ಕಾಲು ಹಿಡ್ಕೋತೀನಿ. ನನ್ ಕೈಲಿ ಆಗ್ತಿಲ್ಲ ಅಪ್ಪಾ, ನಾನು..."

ಅಲ್ಲಿಗೆ ಮಾತು ನಿಂತಿತು. ಫೋನು ಸರಿಯಾಗಿಯೇ ಇತ್ತು. ನಿಲ್ಲಿಸಿದ್ದು ಅವಳ ಅಳು. ರೈಲು ಹತ್ತಿಸಿದ ದಿನ ಅಳದವಳು ಈಗ ಅಳುತ್ತಿದ್ದಳು. ಆದರೆ ಇಕ್ಕಳನ ಎಡಗೈಗೆ ಅಳು ಗೊತ್ತಿಲ್ಲ. ಅದಕ್ಕೆ ಗೊತ್ತಿದ್ದದ್ದು ಒಂದೇ, ಕೂಗು ಅರ್ಧಕ್ಕೆ ನಿಂತಿತು ಎಂಬುದು.

ಕೈ ಯಾವಾಗ ಕಂಕುಳಿಂದ ಹೊರಬಂತೋ ಅವನಿಗೇ ತಿಳಿಯಲಿಲ್ಲ. ಫೋನು ಆಗಲೇ ಮುಷ್ಟಿಯಲ್ಲಿತ್ತು. "ಬಾ ಮಗಳೇ, ಬಾ, ಬಂದ್ಬಿಡು" ಎಂದು ಅವನು ಅದರೊಳಕ್ಕೆ ಕೂಗುತ್ತಿದ್ದ.

"ಬಿಡು ಭಾವ! ಬಿಡು!" ಭಾವಮೈದ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದ. ಒಂದು ಬಿಡಿಸಿದರೆ ಇನ್ನೊಂದು ಮುಚ್ಚಿಕೊಳ್ಳುತ್ತಿತ್ತು. ಇಕ್ಕಳನೂ ಬಲಗೈಯಿಂದ ತನ್ನ ಎಡಗೈಯನ್ನೇ ಕೀಳುತ್ತಿದ್ದ. ಇಬ್ಬರು ಗಂಡಸರು, ಒಂದು ಕೈ. ಫೋನು ಬಿಡಿಸಿಕೊಂಡು ಗೋಡೆಯ ಮೇಲಿಡುವ ಹೊತ್ತಿಗೆ ಕರೆ ಕಟ್ಟಾಗಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಹಾಗಾಯಿತು.

ಭಾವಮೈದ ಅದೇ ನಂಬರು ಒತ್ತಿದ. ಯಾರೋ ಹೆಂಗಸು ಎತ್ತಿದಳು. ಹಿಂದೆ ಬಸ್ಸುಗಳ ಸದ್ದು.

"ಈಗ ನಿಮ್ಮ ಫೋನಿಂದ ಮಾತಾಡಿದ್ಳಲ್ಲ, ನನ್ನ ಮಗಳು ಅವಳು" ಎಂದ ಇಕ್ಕಳ. "ಒಂದು ನಿಮಿಷ ಕೊಡಮ್ಮಾ ಅವಳಿಗೆ."

"ಹೋದ್ರಲ್ಲ."

"ಎಲ್ಲಿಗೆ?"

"ಬಸ್ ಹತ್ತಿ ಹೋದ್ರು. ಬಸ್ ಸ್ಟ್ಯಾಂಡಲ್ಲಿ ನಂದು ಅಂಗಡಿ. ಬೆಳಿಗ್ಗೆಯಿಂದ ಬ್ಯಾಗ್ ಇಟ್ಕೊಂಡು ಇಲ್ಲೇ ಬೆಂಚಲ್ಲಿ ಕೂತಿದ್ರು ಪಾಪ. ರೈಲ್ವೆ ಸ್ಟೇಷನ್ ಬಸ್ ಯಾವುದು ಅಂತ ಕೇಳಿದ್ರು, ಹೇಳ್ದೆ. ಮೊದ್ಲು ಅಪ್ಪನ್ನ ಒಂದು ಮಾತು ಕೇಳ್ತೀನಿ ಅಂತ ಫೋನ್ ತಗೊಂಡ್ರು."

"ಹಾಗಾದ್ರೆ ಸ್ಟೇಷನ್ ಬಸ್ಸೇ ತಾನೇ ಹತ್ತಿದ್ದು?" ಎಂದು ಭಾವಮೈದ ಆಸೆಯಿಂದ ಬಗ್ಗಿದ.

"ಇಲ್ಲ. ಬೆಳಿಗ್ಗೆ ಯಾವ ಬಸ್ಸಲ್ಲಿ ಬಂದಿದ್ರೋ ಅದೇ ಬಸ್ಸಲ್ಲಿ ವಾಪಸ್ ಹೋದ್ರು."

ಆ ಹೆಂಗಸು ಅಷ್ಟಕ್ಕೇ ಬಿಡಲಿಲ್ಲ. ಅವಳ ದನಿಯಲ್ಲಿ ಸಿಟ್ಟಿತ್ತು. "ಫೋನ್ ಕೊಡುವಾಗ ಏನಂದ್ರು ಗೊತ್ತಾ? 'ಅಪ್ಪ ಈ ಸಲಾನೂ ಕಟ್ ಮಾಡಿದ್ರು. ಇನ್ನು ಅವರಿಗೆ ತೊಂದ್ರೆ ಕೊಡಲ್ಲ' ಅಂದ್ರು. ಯಾಕ್ರೀ ಹೀಗೆ ಮಾಡ್ತೀರ? ಹೆತ್ತ ಮಗಳಲ್ವಾ?"

"ನಾನು ಕಟ್ ಮಾಡ್ಲಿಲ್ಲ ತಾಯೀ. ಹಿಡ್ಕೊಂಡಿದ್ದೆ. ಬಾ ಅಂದೆ. ಅಪ್ಪ ಬಾ ಅಂದ ಅಂತ ಅವಳಿಗೆ ಹೇಳಮ್ಮಾ."

"ಯಾರಿಗೆ ಹೇಳ್ಲಿ?" ಎಂದಳು ಆ ಹೆಂಗಸು.

ಗೋಡೆಯ ಮೇಲಿದ್ದ ಫೋನಿನಿಂದ ಆ ಮಾತು ಒಂದಕ್ಷರವೂ ತಪ್ಪದೆ ಕೇಳಿಸಿತು.