ಎರಡು ಸಾವಿರಕ್ಕೊಮ್ಮೆ

ಆ ಬೀದಿಯಲ್ಲಿ ಅವನನ್ನು ಹೆಸರು ಹಿಡಿದು ಕರೆದವರಿಲ್ಲ. ದೊಡ್ಡವರಿಗೂ ಚಿಕ್ಕವರಿಗೂ ಅವನು ಕನ್ನಡಕದಣ್ಣ. ಬಸ್ ನಿಲ್ದಾಣದ ಎದುರಿಗೆ ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದ. ಗಾಜು ಒರೆಸಿ ಒರೆಸಿ ಪಳಗಿದ ಕೈ, ಎಲ್ಲೇ ಒಂದು ಕಲೆ ಕಂಡರೂ ಸುಮ್ಮನಿರುತ್ತಿರಲಿಲ್ಲ. ನಲವತ್ತು ದಾಟಿದ ಮೇಲೆ ಮೊದಲ ಬಾರಿಗೆ ಒಂದು ಕಾರು ಕೊಂಡ. ಯಾರೋ ಓಡಿಸಿದ ಹಳೆಯ ಕಾರೇ, ಆದರೂ ಸುತ್ತಲಿನ ಊರುಗಳಿಗೆ ಹೋಗಿ ಕನ್ನಡಕ ಕೊಟ್ಟುಬರಲು ಅನುಕೂಲವಾಯಿತು.

ಕಾರು ಬಂದ ಹೊಸತರಲ್ಲೇ ಅವನ ಬಾಮೈದನ ಟ್ಯಾಕ್ಸಿ ಹೆದ್ದಾರಿಯಲ್ಲಿ ಕೆಟ್ಟು ನಿಂತಿತು. ಎಂಜಿನ್ ಆಯಿಲ್ ಬದಲಾಯಿಸದೆ ಓಡಿಸಿ ಓಡಿಸಿ ಎಂಜಿನ್ ಜಾಮ್ ಆಗಿತ್ತು. ಕನ್ನಡಕದಣ್ಣನೇ ಹೋಗಿ ಹಗ್ಗ ಕಟ್ಟಿ ಎಳೆದು ತಂದ. ಬಿಚ್ಚಿದ ಎಂಜಿನ್ನಿನೊಳಗೆ ಡಾಂಬರಿನ ಹಾಗೆ ಅಂಟಿಕೊಂಡಿದ್ದ ಕಪ್ಪು ಕೆಸರನ್ನು ನೋಡಿದ್ದೇ ನೋಡಿದ್ದು, ಅವನ ಎದೆ ಝಲ್ ಎಂದಿತು.

ತನ್ನ ಕಾರಿಗೆ ಎಷ್ಟು ಓಡಿಸಿದ ಮೇಲೆ ಆಯಿಲ್ ಬದಲಾಯಿಸಬೇಕು ಅಂತ ಎಲ್ಲರನ್ನೂ ಕೇಳಿದ. ಕಾರಿನ ಜೊತೆ ಬಂದ ಪುಸ್ತಕ ಹತ್ತು ಸಾವಿರ ಕಿಲೋಮೀಟರ್ ಅಂದಿತು. ಗ್ಯಾರೇಜಿನ ಮೇಸ್ತ್ರಿ, "ಹಳೇ ಗಾಡಿ, ಏಳು ಸಾವಿರಕ್ಕೆ ಮಾಡ್ಸಿ, ಧಾರಾಳ ಆಯ್ತು" ಅಂದ. ಕೈ ಸುಟ್ಟುಕೊಂಡಿದ್ದ ಬಾಮೈದ, "ಭಾವಾ, ಐದಕ್ಕೇ ಮಾಡ್ಸಿಬಿಡಿ" ಅಂದ. ಕನ್ನಡಕದಣ್ಣ ಮೂರನ್ನೂ ಕೇಳಿಸಿಕೊಂಡು, ಒಂದನ್ನೂ ಒಪ್ಪದೆ, ಎರಡು ಸಾವಿರಕ್ಕೊಮ್ಮೆ ಅಂತ ತಾನೇ ತೀರ್ಮಾನ ಮಾಡಿದ.

ಭಾನುವಾರ ಬೆಳಗಾದರೆ ಸಾಕು, ಬಾನೆಟ್ ಎತ್ತಿ, ಆಯಿಲ್ ನೋಡುವ ಕಡ್ಡಿ ಎಳೆದು, ಕನ್ನಡಕ ಒರೆಸುವ ಬಿಳಿ ಬಟ್ಟೆಗೆ ಒತ್ತಿ ನೋಡುವನು. ಹೊನ್ನಿನ ಬಣ್ಣ ಸ್ವಲ್ಪ ಕಂದಿದರೂ ಮುಖ ಸಪ್ಪಗಾಗುತ್ತಿತ್ತು.

"ಊರಿನ ಗಂಡಸರೆಲ್ಲ ಎಣ್ಣೆ ಅಂದ್ರೆ ಬಾಟ್ಲಿ ಹಿಡ್ಕೊಂಡು ಕೂರ್ತಾರೆ. ನನ್ನ ಹಣೇಲಿ ಬರೆದಿದ್ದು ನೋಡಿ, ಕಡ್ಡಿ ಹಿಡ್ಕೊಂಡು ಬಾನೆಟ್ ಒಳಗೆ ತಲೆ ಹಾಕೋ ಗಂಡ!" ಅಂತ ಹೆಂಡತಿ ನಗುತ್ತಿದ್ದಳು.

ಹೆಂಡತಿ ನಕ್ಕರೆ ಅವನಿಗೇನೂ ಅನಿಸುತ್ತಿರಲಿಲ್ಲ. ಆದರೆ ಮೂರನೆಯ ಸಲ ಗ್ಯಾರೇಜಿಗೆ ಹೋದಾಗ ಮೇಸ್ತ್ರಿ, ಅಲ್ಲಿದ್ದ ಗಿರಾಕಿಗಳ ಎದುರಿಗೇ, "ಬಂದ್ರಪ್ಪ ನಮ್ಮ ಎರಡು ಸಾವಿರದ ಸಾಹೇಬರು! ಈ ಆಯಿಲ್‌ನಲ್ಲಿ ಇನ್ನೂ ಮುಖ ನೋಡ್ಕೋಬಹುದು ಸಾರ್" ಅಂದುಬಿಟ್ಟ. ಎಲ್ಲರೂ ಗೊಳ್ಳೆಂದು ನಕ್ಕರು. ಕನ್ನಡಕದಣ್ಣನೂ ಹಲ್ಲು ಬಿಟ್ಟ. ಬಿಟ್ಟನಾದರೂ ಒಳಗೆ ಕುದಿಯುತ್ತಿದ್ದ. ಆಮೇಲೆ ಆ ಕಡೆ ತಲೆ ಹಾಕಲಿಲ್ಲ. ಮನೆಯಲ್ಲೇ ಬದಲಾಯಿಸಲು ಕಲಿತ.

ಹೊಸ ಆಯಿಲ್ ಹಾಕುವುದೇನೋ ಸುಲಭ, ಹಳೆಯದನ್ನು ಎಲ್ಲಿಗೆ ಒಯ್ಯುವುದು? ಗ್ಯಾರೇಜಿಗೆ ಒಯ್ದರೆ ಅಲ್ಲಿ ಇಟ್ಟುಕೊಳ್ಳುತ್ತಿದ್ದರು, ಅದಕ್ಕೆಂದೇ ಪೀಪಾಯಿ ಇತ್ತು. ಆದರೆ ಮತ್ತೆ ಆ ನಗುವಿಗೆ ಮುಖ ಕೊಡಬೇಕಲ್ಲ. ಕಾರು ನಿಲ್ಲಿಸುವ ಶೆಡ್ಡಿನ ಹಿಂದೆ, ಕಾಂಪೌಂಡ್ ಗೋಡೆಯ ಬುಡದಲ್ಲಿ ಒಂದು ಗುಂಡಿ ತೋಡಿದ. ಪ್ರತಿ ಸಲವೂ ಬೇಸಿನ್ನಿನಲ್ಲಿ ಹಿಡಿದ ಹಳೆ ಆಯಿಲನ್ನು ಅದಕ್ಕೆ ಸುರಿದು, ಮೇಲೆ ಮಣ್ಣು ಎಳೆದು, ಕೈ ತೊಳೆದುಕೊಂಡು ಒಳಗೆ ಹೋಗುತ್ತಿದ್ದ. ಊರೂರು ಸುತ್ತುವ ಕಾರು, ಎರಡು ಸಾವಿರ ಬೇಗ ಬೇಗ ಬರುತ್ತಿತ್ತು.

ಗೋಡೆಯಾಚೆ ನರ್ಸಮ್ಮನ ಮನೆ. ಆಸ್ಪತ್ರೆಯ ಕೆಲಸದಿಂದ ನಿವೃತ್ತಿಯಾದ ಮೇಲೆ ಆಕೆ ಹಿತ್ತಲು ತುಂಬ ಗುಲಾಬಿ, ಟೊಮೇಟೊ, ಬೀನ್ಸ್ ಬೆಳೆದುಕೊಂಡು ಅಕ್ಕನ ಜೊತೆ ಹಾಯಾಗಿದ್ದರು. ಹಿತ್ತಲಿನ ಮೂಲೆಯ ಕೋಣೆಯನ್ನು ಹೊಲಿಗೆ ಮೆಷಿನ್ ರಿಪೇರಿ ಮಾಡುವವನೊಬ್ಬನಿಗೆ ಬಾಡಿಗೆಗೆ ಕೊಟ್ಟಿದ್ದರು. ಆಳು ಸಣಕಲು, ಕೆಲಸವೂ ಅಂಥದ್ದು. ಎಲ್ಲರೂ ಅವನನ್ನು ಸೂಜಿ ಅನ್ನುತ್ತಿದ್ದರು. ಕನ್ನಡಕದಣ್ಣನ ಹಿತ್ತಲಿಗಿಂತ ನರ್ಸಮ್ಮನ ಹಿತ್ತಲು ಒಂದು ಮೊಳ ತಗ್ಗು. ಅದು ಅವನಿಗೆ ಗೊತ್ತಿತ್ತು, ಆದರೆ ಗುಂಡಿ ತೋಡುವಾಗ ನೆನಪಾಗಲಿಲ್ಲ.

ಒಂದು ವಾರ ಬಿಡದೆ ಮಳೆ ಹೊಡೆಯಿತು. ಮಳೆ ನಿಂತ ಮೇಲೆ ನರ್ಸಮ್ಮ ಗೋಡೆ ಮೇಲಿಂದ ಕೂಗಿದರು. "ಅಣ್ಣಾ, ಸ್ವಲ್ಪ ಬರ್ತೀರಾ? ಈ ಸಾಲಿನ ಗಿಡ ಎಲ್ಲಾ ಹಳದಿ ತಿರುಗಿಬಿಟ್ಟಿದೆ. ಹುಳ ಏನಾದ್ರೂ ಬಿದ್ದಿದ್ಯಾ ನೋಡಿ, ನಿಮ್ಮ ಕಣ್ಣು ಚುರುಕು."

ಅವನು ಹೋದ. ಗೋಡೆಯುದ್ದಕ್ಕೂ ಗುಲಾಬಿಗಳು ಎಲೆ ಉದುರಿಸಿ ಬರೀ ಕಡ್ಡಿಯಾಗಿದ್ದವು. ಟೊಮೇಟೊ ಗಿಡಗಳು ಸೊರಗಿ ನೆಲ ಹಿಡಿದಿದ್ದವು. ಬುಡದಲ್ಲಿ ನಿಂತ ನೀರಿನ ಮೇಲೆ ನೀಲಿ, ನೇರಳೆ, ಹಸಿರು ಪೊರೆಯೊಂದು ತೇಲುತ್ತಿತ್ತು. ಒಂದು ಹಿಡಿ ಮಣ್ಣೆತ್ತಿದ. ಮೂಗಿನ ಹತ್ತಿರ ತರುವುದೂ ಬೇಕಾಗಲಿಲ್ಲ. ಆ ವಾಸನೆ ಅವನ ಭಾನುವಾರಗಳ ವಾಸನೆ.

ಆಗಲೇ ಹೇಳಿಬಿಟ್ಟಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ನರ್ಸಮ್ಮ ಅಷ್ಟು ನಂಬಿಕೆಯಿಂದ ಮುಖ ನೋಡುತ್ತ ನಿಂತಿದ್ದರು. ಬಾಯಿಂದ ಬಂದದ್ದು ಬೇರೆ ಮಾತು: "ಹುಳ ಅಲ್ಲ ಅನ್ಸುತ್ತೆ. ಎಲ್ಲಿಂದಲೋ ಎಣ್ಣೆ ಬಂದ ಹಾಗಿದೆ."

"ಎಣ್ಣೇನಾ?" ಅಂದ ನರ್ಸಮ್ಮ ತಲೆ ತಿರುಗಿಸಿ ಮೂಲೆಯ ಕೋಣೆಯ ಕಡೆ ನೋಡಿದರು. ಬಾಗಿಲಲ್ಲಿ ಸೂಜಿ ಒಂದು ಮೆಷಿನ್ನಿನ ಸಂದಿಗಳಿಗೆ ಎಣ್ಣೆ ಬಿಡುತ್ತ ಕೂತಿದ್ದ.

ಕನ್ನಡಕದಣ್ಣ ಏನೋ ನೆವ ಹೇಳಿ ಮನೆಗೆ ಬಂದ. ಅವನು ಚಪ್ಪಲಿ ಬಿಡುವಷ್ಟರಲ್ಲಿ ಗೋಡೆಯಾಚೆ ಜಗಳ ಶುರುವಾಗಿತ್ತು.

"ಅಮ್ಮಾ, ನಾನು ಬಿಡೋದು ತೊಟ್ಟು ತೊಟ್ಟು. ಇಡೀ ವರ್ಷದ್ದು ಸೇರ್ಸಿದ್ರೂ ಒಂದು ಬಾಟ್ಲಿ ಆಗಲ್ಲ. ದೇವರಾಣೆಗೂ ನಾನು ಚೆಲ್ಲಿಲ್ಲ!"

"ಮತ್ತೆ ಆಕಾಶದಿಂದ ಉದುರ್ತಾ? ಮೆಷಿನ್ ತೊಳೆದ ನೀರು ಎಲ್ಲಿ ಸುರೀತೀಯ ಹೇಳು. ಚೆಲ್ಲೋದೂ ಚೆಲ್ಲಿ, ಸುಳ್ಳು ಬೇರೆ ಹೇಳ್ತೀಯಲ್ಲ, ಅದಕ್ಕೆ ನನಗೆ ಮೈಯೆಲ್ಲಾ ಉರಿಯೋದು."

ಕನ್ನಡಕದಣ್ಣ ಅಡುಗೆಮನೆಯ ಕಿಟಕಿಯ ಪಕ್ಕ ನಿಂತು ಕೇಳಿಸಿಕೊಂಡ. ಹೆಂಡತಿ ಅವನ ಮುಖ ನೋಡಿದಳು, ಆಮೇಲೆ ಶೆಡ್ಡಿನ ಕಡೆ ನೋಡಿದಳು. ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಹೋಗಿ ಹೇಳಿ" ಅಂದಳು.

"ನಾಳೆ ಹೇಳ್ತೀನಿ. ಈಗ ಸಿಟ್ಟಲ್ಲಿದ್ದಾರೆ."

ನಾಳೆ ಅಂಗಡಿಯಲ್ಲಿ ಗಿರಾಕಿ ಜಾಸ್ತಿ. ನಾಡಿದ್ದು ಬೇರೆ ಊರಿಗೆ ಹೋಗಬೇಕಿತ್ತು. ಹೀಗೆ ಒಂದೊಂದು ದಿನ ತಳ್ಳುತ್ತಿರುವಾಗ ಒಂದು ಬೆಳಗ್ಗೆ ನರ್ಸಮ್ಮನ ಗೇಟಿನ ಎದುರು ತಳ್ಳುಗಾಡಿ ಬಂದು ನಿಂತಿತು. ಸೂಜಿ ಕೋಣೆ ಖಾಲಿ ಮಾಡುತ್ತಿದ್ದ. ಹಳೆಯ ಕಾಲುಮೆಷಿನ್ನೊಂದನ್ನು ಒಬ್ಬನೇ ಎತ್ತಲಾರದೆ ಒದ್ದಾಡುತ್ತಿದ್ದ. ಅಂಗಡಿಗೆ ಹೊರಟಿದ್ದ ಕನ್ನಡಕದಣ್ಣ ನೋಡಿಯೂ ನೋಡದ ಹಾಗೆ ದಾಟಲಾರದೆ, ಇನ್ನೊಂದು ಬದಿಗೆ ಕೈ ಕೊಟ್ಟ. ಇಬ್ಬರೂ ಸೇರಿ ಗಾಡಿಗೆ ಏರಿಸಿದರು. ಸೂಜಿ ಬೆವರು ಒರೆಸಿಕೊಂಡು ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದ.

"ಈ ಬೀದೀಲಿ ಎಲ್ರೂ ನನ್ನನ್ನ ಕಳ್ಳನ ಹಾಗೆ ನೋಡ್ತಾರೆ. ನೀವೊಬ್ರು ಮನುಷ್ಯರ ಹಾಗೆ ಬಂದ್ರಿ. ಮರೆಯಲ್ಲ ಅಣ್ಣಾ."

ನೆಲ ಬಾಯಿ ಬಿಟ್ಟು ನುಂಗಬಾರದೇ ಅನಿಸಿತು ಕನ್ನಡಕದಣ್ಣನಿಗೆ. ತನ್ನ ಕೈ ಬಿಡಿಸಿಕೊಳ್ಳಲೂ ಆಗದು, ಹಾಗೆ ಹಿಡಿಸಿಕೊಂಡಿರಲೂ ಆಗದು. ಗಾಡಿ ತಿರುವಿನಲ್ಲಿ ಮರೆಯಾಯಿತು. ಅವನು ಅಂಗಡಿಗೆ ಹೋದ, ಬಾಗಿಲು ಎತ್ತಿದ, ಮೊದಲ ಗಿರಾಕಿಯ ಮೂಗಿಗೆ ಕನ್ನಡಕ ಸರಿಮಾಡಲು ಹೋಗಿ ಅರ್ಧಕ್ಕೇ ಕೆಳಗಿಟ್ಟ. ಬಾಗಿಲು ಎಳೆದು ಸೀದಾ ನರ್ಸಮ್ಮನ ಮನೆಗೆ ಬಂದ.

ಆಕೆ ಉಳಿದ ಗಿಡಗಳಿಗೆ ನೀರು ಬಿಡುತ್ತಿದ್ದರು. ಅವನು ನಿಂತಲ್ಲಿಂದಲೇ ಹೇಳಿದ. ಗುಂಡಿ, ಶೆಡ್ಡು, ಎರಡು ಸಾವಿರ, ಎಲ್ಲವನ್ನೂ. ನರ್ಸಮ್ಮ ನಲ್ಲಿ ನಿಲ್ಲಿಸಿದರು.

"ಅವತ್ತು ಮಣ್ಣು ಎತ್ತಿ ನೋಡಿದ್ರಲ್ಲ. ಆಗಲೇ ಗೊತ್ತಿತ್ತಾ?"

"ಗೊತ್ತಿತ್ತು."

"ನಾನು ಅವನಿಗೆ ಬಾಯಿಗೆ ಬಂದ ಹಾಗೆ ಬೈತಿದ್ದೆ. ಕೇಳಿಸ್ತಿತ್ತಾ?"

"ಕೇಳಿಸ್ತಿತ್ತು."

"ಗಿಡ ಹೋದ್ರೆ ಹೋಯ್ತು, ಮತ್ತೆ ನೆಡಬಹುದು. ನನ್ನ ಬಾಯಲ್ಲಿ ಅಂಥ ಮಾತು ಆಡ್ಸಿದ್ರಲ್ಲ ನೀವು" ಅಂದರು ನರ್ಸಮ್ಮ. ದನಿ ಏರಲಿಲ್ಲ. ಏರಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. "ನಡೀರಿ, ಅವನ ಹತ್ತಿರ ಹೋಗೋಣ."

ಕಾರಿನಲ್ಲೇ ಹೋದರು. ಆಕೆ ಮುಂದೆ ಕೂರದೆ ಹಿಂದಿನ ಸೀಟಿನಲ್ಲಿ ಕೂತರು.

ಸೂಜಿ ತನ್ನ ಅಕ್ಕನ ಮನೆಯ ಜಗುಲಿಯಲ್ಲಿ ಮೆಷಿನ್‌ಗಳನ್ನು ಸಾಲಾಗಿ ಜೋಡಿಸುತ್ತಿದ್ದ. ನರ್ಸಮ್ಮ ಮೊದಲು ಕ್ಷಮೆ ಕೇಳಿದರು, ಕೋಣೆಗೆ ವಾಪಸ್ ಬಾ ಅಂದರು. ಆಮೇಲೆ ಕನ್ನಡಕದಣ್ಣ ಹೇಳಬೇಕಾದ್ದನ್ನು ಹೇಳಿದ. ಸೂಜಿ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಕೆಳಗಿಟ್ಟು ಅವನನ್ನೇ ದಿಟ್ಟಿಸಿದ.

"ಬರಲ್ಲಮ್ಮ. ಇಲ್ಲಿ ಅಕ್ಕನ ಮಕ್ಕಳ ಜೊತೆ ಚೆನ್ನಾಗಿರ್ತೀನಿ. ನಿಮ್ಮ ಮೇಲೆ ಬೇಜಾರಿಲ್ಲ" ಅಂದ. ಕನ್ನಡಕದಣ್ಣನ ಕಡೆ ತಿರುಗಿ, "ನೀವು ಇಲ್ಲಿ ಬಂದು ಹೇಳಿದ್ರೆ ಏನು ಬಂತು? ನಾನು ಚೆಲ್ಲಿಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು. ಟೈಲರಕ್ಕ ನನಗೆ ರಿಪೇರಿಗೆ ಮೆಷಿನ್ ಕೊಡೋದೇ ನಿಲ್ಸಿದ್ದಾಳೆ. ಅವಳಿಗೆ ಹೇಳಿ" ಅಂದ.

ಟೈಲರಕ್ಕನ ಅಂಗಡಿ ಬೀದಿಯ ಮೂಲೆಯಲ್ಲಿ. ಮರುದಿನ ಅವನು ಹೋದಾಗ ಅಳತೆ ಕೊಡಲು ಬಂದ ಹೆಂಗಸರಿಂದ ಅಂಗಡಿ ತುಂಬಿತ್ತು. ಆಮೇಲೆ ಬರೋಣ ಅಂತ ಕಾಲು ಹಿಂದೆ ಸರಿಯಿತು. ಸರಿದ ಕಾಲನ್ನು ಅವನೇ ಮುಂದಿಟ್ಟ.

"ಟೈಲರಕ್ಕಾ, ನರ್ಸಮ್ಮನ ಹಿತ್ತಲಿಗೆ ಎಣ್ಣೆ ಸುರಿದಿದ್ದು ಸೂಜಿ ಅಲ್ಲ. ನಾನು. ನನ್ನ ಕಾರಿಂದು."

ಮೆಷಿನ್ನಿನ ಸದ್ದು ನಿಂತಿತು. ಅಲ್ಲಿದ್ದವರಲ್ಲಿ ಅರ್ಧಕ್ಕರ್ಧ ಜನ ಅವನೇ ಕೊಟ್ಟ ಕನ್ನಡಕದಿಂದ ಅವನನ್ನು ನೋಡುತ್ತಿದ್ದರು. "ಅಯ್ಯೋ, ನೀವಾ?" ಅಂದಳು ಒಬ್ಬಳು. ಇನ್ನೊಬ್ಬಳು ಸೆರಗು ಬಾಯಿಗೆ ಒತ್ತಿಕೊಂಡಳು, ನಗುವಿಗೋ ಅಸಹ್ಯಕ್ಕೋ ತಿಳಿಯಲಿಲ್ಲ. ಟೈಲರಕ್ಕ, "ಪಾಪದ ಪ್ರಾಣಿ ಅವನು, ನಾನೂ ಏನೇನೋ ಅಂದೆ" ಅಂತ ತನಗೆ ತಾನೇ ಹೇಳಿಕೊಂಡಳು. ಅವನಿಗೆ ಕೂರಿ ಅನ್ನಲಿಲ್ಲ. ಆ ವಾರವೇ ಸೂಜಿಗೆ ಎರಡು ಮೆಷಿನ್ ಕಳಿಸಿದಳು ಅಂತ ಮಾತ್ರ ಆಮೇಲೆ ಹೆಂಡತಿಯಿಂದ ಗೊತ್ತಾಯಿತು.

ಕೆಟ್ಟ ಮಣ್ಣನ್ನೆಲ್ಲ ಅಗೆದು ಚೀಲಗಳಿಗೆ ತುಂಬಿಸುವ ಕೆಲಸಕ್ಕೆ ಅವನು ಕೂಲಿಯವರನ್ನು ಕರೆಯಲಿಲ್ಲ. ತಾನೇ ಅಗೆದ. ಮಣ್ಣನ್ನು ಎಲ್ಲಿ ಹಾಕಬೇಕು ಅಂತ ಕೇಳಲು ಗ್ಯಾರೇಜಿಗೂ ಹೋದ. ಮೇಸ್ತ್ರಿ ಅದೇನೋ ತಮಾಷೆ ಮಾಡಿದ, ಇವನು ಕೇಳಿಸಿಕೊಂಡು ನಿಂತ. ಆಯಿಲ್ ಇನ್ನು ಏಳು ಸಾವಿರಕ್ಕೆ, ಅದೂ ಅಲ್ಲೇ, ಅಂತ ಮಾತಾಯಿತು. ಗೋಡೆಯ ಪಕ್ಕ ಹೊಸ ಮಣ್ಣು ತುಂಬಿಸಿಕೊಟ್ಟ. ನರ್ಸಮ್ಮ ಆ ವರ್ಷ ಅಲ್ಲಿ ಏನೂ ನೆಡಲಿಲ್ಲ. ಎದುರು ಸಿಕ್ಕರೆ ಚೆನ್ನಾಗಿದ್ದೀರಾ ಅಂತ ಕೇಳುತ್ತಾರೆ, ಉತ್ತರಕ್ಕೆ ಕಾಯುವುದಿಲ್ಲ.

ಈಗ ಅವನು ಹಿತ್ತಲಿಗೆ ಹೋಗುವ ಮುಂಚೆ ಒಂದು ಗಳಿಗೆ ಬಾಗಿಲಲ್ಲಿ ನಿಂತು ಕಿವಿಗೊಡುತ್ತಾನೆ. ಗೋಡೆಯಾಚೆ ನೀರು ಬಿಡುವ ಸದ್ದು ಇದ್ದರೆ ಹಿಂದಕ್ಕೆ ಬಂದು, ಆಕೆ ಕೆಲಸ ಮುಗಿಸಿ ಒಳಗೆ ಹೋಗುವವರೆಗೆ ಅಡುಗೆಮನೆಯಲ್ಲಿ ಸುಮ್ಮನೆ ಕೂತಿರುತ್ತಾನೆ.